ಭವಿಷ್ಯದ ಮುಖಪುಟದಲ್ಲಿ ಅಡಿಕೆ ಮರ ಯಾಕಿಲ್ಲ?

ಸೈ-ಫೈ ಪುಸ್ತಕ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಬರುವ ಚಿತ್ರ ಯಾವುದು? ಕಪ್ಪು ಆಕಾಶ, ಬಳೆ ತೊಟ್ಟ ಶನಿಗ್ರಹ, ನಡುವೆ ತಿಮಿಂಗಿಲದಂಥ ಒಂದು ಅಂತರಿಕ್ಷ ನೌಕೆ. ಹೆಚ್ಚುಕಮ್ಮಿ ಎಲ್ಲರಿಗೂ ಇದೇ. ನನಗೂ ಇದೇ. ಹುಟ್ಟಿ ಬೆಳೆದದ್ದು ಸುಳ್ಯ ತಾಲೂಕಿನ ಐವರ್ನಾಡಿನಲ್ಲಿ. ಸುತ್ತ ಇದ್ದದ್ದು ಅಡಿಕೆ ತೋಟ, ರಬ್ಬರು, ಬಿಟ್ಟೂಬಿಡದ ಮಳೆ. ಆದರೂ ‘ಭವಿಷ್ಯ’ ಅಂದರೆ ನೆನಪಾಗುವುದು ಶನಿಗ್ರಹ! ಈ ಚಿತ್ರ ನಮ್ಮ ತಲೆಯೊಳಗೆ ಹೊಕ್ಕಿದ್ದು ಹೇಗೆ ಅಂತ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಹಳೇ ಪುಸ್ತಕ, ಪತ್ರಿಕೆಗಳ ಮುಖಪುಟ.

ಶನಿಗ್ರಹ ಬಂದ ದಾರಿ

1926ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆ ಶುರು ಮಾಡಿದ. ವೈಜ್ಞಾನಿಕ ಕತೆಗಳಿಗೆಂದೇ ಹೊರಟ ಪತ್ರಿಕೆ ಅದು. ಮೊದಲ ಸಂಚಿಕೆಯ ಮುಖಪುಟ ಬರೆದವರು ಫ್ರಾಂಕ್ ಆರ್. ಪಾಲ್. ಜೂಲ್ಸ್ ವರ್ನ್ ಕಾದಂಬರಿಯೊಂದರ ದೃಶ್ಯ: ಮಂಜುಗಡ್ಡೆಯ ಮೇಲೆ ಜನ ಜಾರಾಟ ಆಡುತ್ತಿದ್ದಾರೆ, ಹಿಂದೆ ಆಕಾಶ ತುಂಬ ಶನಿಗ್ರಹ. ಪಾಲ್ ಓದಿದ್ದು ವಾಸ್ತುಶಿಲ್ಪ. ಹಾಗಾಗಿಯೇ ಇರಬೇಕು, ಅವರು ಬರೆದ ಯಂತ್ರ, ನಗರಗಳನ್ನು ನೋಡಿದರೆ ಯಾರಾದರೂ ನಿಜಕ್ಕೂ ಕಟ್ಟಬಹುದು ಅನಿಸುತ್ತದೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸೈ-ಫೈ ಸಮ್ಮೇಳನ ನಡೆದಾಗ ಗೌರವ ಅತಿಥಿಯಾಗಿ ಕರೆದದ್ದು ಇದೇ ಚಿತ್ರಕಾರನನ್ನು.

1970ರ ದಶಕಕ್ಕೆ ಬನ್ನಿ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹಳೇ ಐಸಾಕ್ ಅಸಿಮೋವ್ ಪುಸ್ತಕ ಹುಡುಕಿದವರಿಗೆ ಕ್ರಿಸ್ ಫಾಸ್ ಅವರ ಚಿತ್ರ ಗೊತ್ತಿರುತ್ತದೆ. ಹಳದಿ-ಕಪ್ಪು ಪಟ್ಟೆಯ ದೈತ್ಯ ನೌಕೆಗಳು, ಏರ್‌ಬ್ರಶ್ಶಿನಲ್ಲಿ ನವಿರಾಗಿ ಬಣ್ಣ ಚಿಮುಕಿಸಿದ್ದು. ತಮಾಷೆ ಅಂದರೆ, ಎಷ್ಟೋ ಸಲ ಒಳಗಿನ ಕತೆಗೂ ಹೊರಗಿನ ನೌಕೆಗೂ ಸಂಬಂಧವೇ ಇರುತ್ತಿರಲಿಲ್ಲ. ಆದರೂ ಜನ ಕೊಂಡರು. ನಾನೂ ಬರೀ ಮುಖಪುಟ ನೋಡಿ ಎರಡು ಪುಸ್ತಕ ಕೊಂಡಿದ್ದೇನೆ. ಕತೆ ಮರೆತಿದೆ, ನೌಕೆ ಮರೆತಿಲ್ಲ.

ಹಾಗಾದರೆ ಎಲ್ಲ ಕಡೆಯೂ ಹೀಗೇನಾ? ಇಲ್ಲ. ಬಂಗಾಳದಲ್ಲಿ ಸತ್ಯಜಿತ್ ರಾಯ್ 1961ರಲ್ಲಿ ‘ಸಂದೇಶ್’ ಪತ್ರಿಕೆಗೆ ಪ್ರೊಫೆಸರ್ ಶೊಂಕು ಕತೆ ಬರೆಯಲು ಶುರು ಮಾಡಿದರು. ಬರೆದದ್ದೂ ಅವರೇ, ಚಿತ್ರ ಬಿಡಿಸಿದ್ದೂ ಅವರೇ. ಈ ವಿಜ್ಞಾನಿ ಇರುವುದು ನ್ಯೂಯಾರ್ಕ್‌ನಲ್ಲೂ ಅಲ್ಲ, ಕೋಲ್ಕತ್ತದಲ್ಲೂ ಅಲ್ಲ, ಗಿರಿಡಿ ಎಂಬ ಸಣ್ಣ ಊರಿನಲ್ಲಿ. ಬಂಗಾಳಿ ಮಕ್ಕಳಿಗೆ ‘ವಿಜ್ಞಾನಿ’ ಅಂದರೆ ರಾಯ್ ಬರೆದ ಆ ಬೋಳುತಲೆ, ಗಡ್ಡದ ಮನುಷ್ಯ. ಅವರಿಗೆ ಒಂದು ಮುಖ ಸಿಕ್ಕಿತು.

ನಮ್ಮಲ್ಲಿ ಕತೆ ಉಂಟು, ಮುಖ?

ಕನ್ನಡದಲ್ಲಿ ಸೈ-ಫೈ ಇಲ್ಲ ಅನ್ನುವವರು ರಾಜಶೇಖರ ಭೂಸನೂರಮಠ ಅವರನ್ನು ಓದಿಲ್ಲ ಅಂತಲೇ ಅರ್ಥ. ‘ಮನ್ವಂತರ’, ‘ಆಪರೇಷನ್ ಯು.ಜಿ.’ ಬರೆದವರು ಅವರು. ಮನು ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ವೈಜ್ಞಾನಿಕ ಕಲ್ಪನೆಯ ಕಣ್ಣಲ್ಲಿ ನೋಡಿತು. ಪೂರ್ಣಚಂದ್ರ ತೇಜಸ್ವಿ ‘ಫ್ಲೈಯಿಂಗ್ ಸಾಸರ್ಸ್’ ಬರೆದರು. ಅವರ ‘ಕರ್ವಾಲೊ’ ಕಟ್ಟುನಿಟ್ಟಾಗಿ ಸೈ-ಫೈ ಅಲ್ಲ, ಸರಿ. ಆದರೆ ಒಬ್ಬ ವಿಜ್ಞಾನಿ, ಒಬ್ಬ ಮಂದಣ್ಣ, ಒಂದು ಹಾರುವ ಓತಿ ಸೇರಿದರೆ ಮಲೆನಾಡಿನ ಕೆಸರಿನಲ್ಲೇ ಕೋಟ್ಯಂತರ ವರ್ಷಗಳ ಕಾಲಯಾನ ಸಾಧ್ಯ ಅಂತ ತೋರಿಸಿಕೊಟ್ಟ ಪುಸ್ತಕ ಅದು.

ಈಗ ಕಣ್ಣು ಮುಚ್ಚಿ ಈ ಪುಸ್ತಕಗಳ ಮೊದಲ ಮುದ್ರಣದ ಮುಖಪುಟ ನೆನಪಿಸಿಕೊಳ್ಳಿ. ಬರುವುದಿಲ್ಲ ಅಲ್ವಾ? ಅದಕ್ಕೆ ನನಗೆ ಕಾಣುವುದು ಎರಡು ಕಾರಣ.

ಒಂದು, ಗ್ರಂಥಾಲಯದ ಬೈಂಡಿಂಗ್. ಹಳ್ಳಿ, ಪೇಟೆಯ ಲೈಬ್ರರಿಗಳಲ್ಲಿ ಪುಸ್ತಕ ಬಾಳಿಕೆ ಬರಲಿ ಅಂತ ದಪ್ಪ ರಟ್ಟು ಹಾಕಿ ಹೊಲಿಯುತ್ತಾರೆ. ಪುಸ್ತಕ ಉಳಿಯುತ್ತದೆ, ಮುಖಪುಟ ಹೋಗುತ್ತದೆ. ಇನ್ನೊಂದು, ನಮ್ಮ ಮನೆಗಳ ಅಭ್ಯಾಸ. ‘ಸುಧಾ’, ‘ತರಂಗ’ದಂಥ ಪತ್ರಿಕೆಗಳ ಧಾರಾವಾಹಿಗಳನ್ನು ವಾರವಾರ ಕಿತ್ತಿಟ್ಟು, ಮುಗಿದ ಮೇಲೆ ಒಟ್ಟು ಮಾಡಿ ಬೈಂಡ್ ಮಾಡಿಸುವುದು. ನನ್ನ ಅಮ್ಮನ ಹತ್ತಿರ ಅಂಥ ಏಳೆಂಟು ಕಟ್ಟು ಇತ್ತು. ಒಳಗೆ ಒಂದಕ್ಕಿಂತ ಒಂದು ಚಂದದ ರೇಖಾಚಿತ್ರ. ಹೊರಗೆ ಬರೀ ಕಂದು ರಟ್ಟು. ಅದರಲ್ಲಿ ಈಗ ಉಳಿದದ್ದು ಮೂರು. ಮಿಕ್ಕದ್ದು ಅಟ್ಟದಲ್ಲಿ ಗೆದ್ದಲು, ಬೂಷ್ಟಿನ ಪಾಲು. ನಮ್ಮೂರ ಮಳೆಗಾಲದ ಮುಂದೆ ಕಾಗದ ಎಷ್ಟು ವರ್ಷ ನಿಲ್ತದೆ ಹೇಳಿ!

ಚಿತ್ರ ಬಿಡಿಸುವ ಕೈಗೇನೂ ಬರ ಇರಲಿಲ್ಲ

ನಮ್ಮ ಸೀಮೆಯನ್ನೇ ನೋಡಿ. ಪುತ್ತೂರಿನ ಬಾಲವನದಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದರು. ಸ್ವತಃ ಚಿತ್ರ ಬಿಡಿಸುತ್ತಿದ್ದರು, 1930-40ರ ದಶಕಗಳಲ್ಲಿ ಮುದ್ರಣದ ಪ್ರಯೋಗಕ್ಕೂ ಇಳಿದು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿ ಕೈ ಸುಟ್ಟುಕೊಂಡರು. ಈಗಿನ ಕಡಬ ತಾಲೂಕಿನ ಕುಳ್ಕುಂದದವರಾದ ನಿರಂಜನರು ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶದ ಪ್ರಧಾನ ಸಂಪಾದಕರು. ಪುತ್ತೂರಿನಲ್ಲೇ ಹುಟ್ಟಿದ ಚಂದ್ರನಾಥ ಆಚಾರ್ಯರು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಪ್ರಜಾವಾಣಿ ಬಳಗದ ಪತ್ರಿಕೆಗಳಿಗೆ ಬಿಡಿಸಿದ ಚಿತ್ರಗಳನ್ನು ಒಂದು ತಲೆಮಾರಿನ ಓದುಗರು ಕತೆಗಿಂತ ಮೊದಲು ನೋಡುತ್ತಿದ್ದರು.

ಅಂದರೆ ವಿಜ್ಞಾನ ಇತ್ತು, ಕತೆ ಇತ್ತು, ಕುಂಚವೂ ಇತ್ತು. ಮೂರೂ ಒಟ್ಟಿಗೆ ಒಂದೇ ಕಪಾಟಿನಲ್ಲಿ ಕೂರಲಿಲ್ಲ, ಅಷ್ಟೇ.

“ಮಾವ, ನಮ್ಮೂರು ಇರ್ತದಾ?”

ಇದೆಲ್ಲ ಬರೀ ಹಳೇ ಪುಸ್ತಕದ ಹುಚ್ಚು ಅಂತ ನಾನೂ ಅಂದುಕೊಂಡಿದ್ದೆ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಕ್ಕನ ಮಗನಿಗೆ ಒಂದು ಹಾಳೆ ಕೊಟ್ಟು, “2075ರದ್ದೊಂದು ಚಿತ್ರ ಬರೆ ಮಾರಾಯ” ಅಂದೆ. ಐದನೇ ಕ್ಲಾಸಿನ ಹುಡುಗ, ಚೆನ್ನಾಗಿ ಬರೆಯುತ್ತಾನೆ. ಬರೆದದ್ದು ಗಾಜಿನ ಕಟ್ಟಡ, ಹಾರುವ ಕಾರು.

“ಇದು ಎಲ್ಲಿ?” ಕೇಳಿದೆ.

“ಬೆಂಗಳೂರು.”

“ಐವರ್ನಾಡು ಎಲ್ಲಿ ಹೋಯ್ತು?”

ಅವ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ: “ಮಾವ, ಅಷ್ಟೊತ್ತಿಗೆ ನಮ್ಮೂರು ಇರ್ತದಾ?”

ಅವ ತಮಾಷೆಗೆ ಕೇಳಿದ್ದಲ್ಲ. ಸುಳ್ಯ ತಾಲೂಕಿನಲ್ಲಿ ಅಡಿಕೆಗೆ ಹಳದಿ ಎಲೆ ರೋಗ ಬಂದು ಎಷ್ಟೋ ತೋಟ ಹೋಗಿದೆ. ಈಗ ಎಲೆಚುಕ್ಕಿ ರೋಗ ಬೇರೆ. ಮನೆಯಲ್ಲಿ ದಿನಾ ಅದೇ ಮಾತು. ಓದಿದ ಮಕ್ಕಳೆಲ್ಲ ಬೆಂಗಳೂರಿಗೆ, ನಾನೂ ಅದರಲ್ಲೊಬ್ಬ. ಹುಡುಗ ನೋಡಿದ ಒಂದು ಸಿನಿಮಾದಲ್ಲೂ, ಒಂದು ಮುಖಪುಟದಲ್ಲೂ ಅಡಿಕೆ ತೋಟ ಭವಿಷ್ಯಕ್ಕೆ ಬಂದಿಲ್ಲ. ಮತ್ತೆ ಅವ ಎಲ್ಲಿಂದ ಬರೆಯಬೇಕು?

ನಿಜ ಹೇಳಬೇಕಂದರೆ ಅರ್ಧ ಸೈ-ಫೈ ಆಗಲೇ ತೋಟಕ್ಕೆ ಬಂದಾಗಿದೆ. ವಿಮಾನ, ಉಪಗ್ರಹಗಳಿಗೆ ಬಳಸುವ ಕಾರ್ಬನ್ ಫೈಬರ್ ಇವತ್ತು ನಮ್ಮಲ್ಲಿ ದೋಟಿ ಆಗಿದೆ. ಮರ ಹತ್ತುವವರು ಸಿಗದ ಕಾಲದಲ್ಲಿ ನೆಲದಲ್ಲೇ ನಿಂತು ಕೊನೆ ಕೊಯ್ಯುತ್ತಾರೆ, ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಡ್ರೋನ್‌ನಲ್ಲಿ ಮದ್ದು ಬಿಡುವ ಪ್ರಯೋಗವೂ ಆಗಿದೆ. ಮಂಜು ಕವಿದ ತೋಟ, ಮರದ ತಲೆಯ ಮೇಲೆ ಗುಂಯ್ ಅನ್ನುವ ಡ್ರೋನ್, ಕೆಳಗೆ ಮುಟ್ಟಾಳೆ ಇಟ್ಟ ಅಜ್ಜ ಉದ್ದದ ದೋಟಿ ಹಿಡಿದು ಆಕಾಶ ನೋಡುತ್ತಿದ್ದಾರೆ. ಮುಖಪುಟಕ್ಕೆ ಇದಕ್ಕಿಂತ ಬೇಕಾ? ಶನಿಗ್ರಹ ಬೇಕಿದ್ದರೆ ಹಿಂದೆ ಒಂದು ಮೂಲೆಯಲ್ಲಿ ಇರಲಿ, ಬೇಡ ಅನ್ನುವುದಿಲ್ಲ.

ನಾವು ಮಾಡಬಹುದಾದದ್ದು

ದೊಡ್ಡ ಕೆಲಸ ಏನಲ್ಲ. ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಹಳೇ ವೈಜ್ಞಾನಿಕ ಕಾದಂಬರಿ, ಧಾರಾವಾಹಿ ಕಟ್ಟು ಸಿಕ್ಕಿದರೆ ಬಿಸಿಲಿನ ದಿನ ಹೊರಗೆ ತನ್ನಿ, ಒರೆಸಿ, ಮುಖಪುಟ ಮತ್ತು ಒಳಚಿತ್ರಗಳ ಫೋಟೊ ತೆಗೆದಿಡಿ. ಮೂಲೆಯಲ್ಲಿ ಚಿತ್ರಕಾರರ ಸಹಿ ಇದ್ದರೆ ಅದೂ ಫೋಟೊದಲ್ಲಿ ಬರಲಿ. ಹೊಸ ಕನ್ನಡ ಪುಸ್ತಕ ಕೊಂಡಾಗ ಮುಖಪುಟ ಯಾರದ್ದು ಅಂತ ಒಳಪುಟದಲ್ಲಿ ಒಮ್ಮೆ ನೋಡಿ. ಕನ್ನಡ ಪುಸ್ತಕ ಪ್ರಾಧಿಕಾರ ಮುಖಪುಟ ಚಿತ್ರಕ್ಕೆಂದೇ ಬಹುಮಾನ ಕೊಡುತ್ತದೆ. ಓದುಗರಾದ ನಾವು ಕಡೇಪಕ್ಷ ಹೆಸರಾದರೂ ನೆನಪಿಡಬಹುದು.

ಮತ್ತೆ, ಮನೆಯಲ್ಲಿ ಚಿತ್ರ ಬರೆಯುವ ಮಕ್ಕಳಿದ್ದರೆ 2075ರ ನಿಮ್ಮೂರನ್ನು ಬರೆಯಲು ಹೇಳಿ. ಬೆಂಗಳೂರನ್ನಲ್ಲ, ನಿಮ್ಮೂರನ್ನು. ಅವರು ಏನು ಕೇಳುತ್ತಾರೋ ಅದಕ್ಕೆ ಉತ್ತರ ಯೋಚಿಸಿಟ್ಟುಕೊಂಡಿರಿ. ನಾನಿನ್ನೂ ಯೋಚಿಸುತ್ತಿದ್ದೇನೆ.