ನಡಿಗೆಯೂ ಒಂದು ವಿದ್ಯೆ

ಕನ್ನಡದ ‘ನಡೆ’ ಎಂಬ ಪದವು ಕಾಲಿನ ಚಲನೆಯನ್ನೂ ಮನುಷ್ಯನ ಆಚಾರವನ್ನೂ ಒಟ್ಟಿಗೇ ಸೂಚಿಸುತ್ತದೆ. ಶರಣರು ಎರಡನೆಯ ಅರ್ಥಕ್ಕೆ ಪ್ರಾಧಾನ್ಯವಿತ್ತರು. ಇಲ್ಲಿ ಮೊದಲನೆಯ ಅರ್ಥವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇನೆ. ಏಕೆಂದರೆ ಇವೆರಡನ್ನೂ ಒಂದೆಂದೇ ಭಾವಿಸಿ ನಾನು ಒಮ್ಮೆ ತಪ್ಪಿದ್ದುಂಟು.

ನಡಿಗೆಯು ಹುಟ್ಟಿನಿಂದ ಬಂದುದೆಂದು ನಾವು ತಿಳಿಯುತ್ತೇವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ ಅವರು 1934ರ ಉಪನ್ಯಾಸವೊಂದರಲ್ಲಿ ಬೇರೆಯೇ ಮಾತು ಹೇಳಿದರು. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ದಾದಿಯರ ನಡಿಗೆ ಅವರಿಗೆ ಎಲ್ಲಿಯೋ ಕಂಡಂತೆ ತೋರಿತು. ಅದು ಚಲನಚಿತ್ರದಲ್ಲಿ ಕಂಡುದೆಂದು ಬಳಿಕ ಹೊಳೆಯಿತು. ಸ್ವದೇಶಕ್ಕೆ ಮರಳಿದರೆ ಪ್ಯಾರಿಸ್ಸಿನ ತರುಣಿಯರಲ್ಲಿಯೂ ಅದೇ ನಡಿಗೆ! ಚಿತ್ರಗಳ ಮೂಲಕ ಅದು ಕಡಲು ದಾಟಿ ಬಂದಿತ್ತು. ನಡಿಗೆಯು ಸಮಾಜವು ದೇಹಕ್ಕೆ ಕೊಟ್ಟ ಶಿಕ್ಷಣವೆಂದು ಅವರು ಪ್ರತಿಪಾದಿಸಿದರು.

ನಮ್ಮ ಸೀಮೆಯಲ್ಲಿ ಈ ವಿದ್ಯೆಗೆ ನೆಲವೇ ಮೊದಲ ಗುರು. ಸಿಂಧನೂರಿನ ಎರೆಮಣ್ಣು ತೊಯ್ದರೆ ಅಂಗಾಲಿಗೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುತ್ತದೆ. ಅಲ್ಲಿ ಕಾಲೆಳೆದರೆ ಜಾರುವುದು. ನೇರವಾಗಿ ಮೇಲೆತ್ತಿ, ಹೆಬ್ಬೆರಳೂರಿ ಇಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಯ ಕೆಸರೂ ಕಿರಿದಾದ ಬದುವೂ ಈ ಪಾಠವನ್ನು ಮುಂದುವರಿಸಿದವು. ಲಿಂಗಸುಗೂರು, ಮಸ್ಕಿಗಳ ಮಸಾರಿ ನೆಲದಲ್ಲಿ, ಕಲ್ಲುಗುಡ್ಡಗಳಲ್ಲಿ ಕಾಲು ಬೇರೆ ಬಗೆಯಾಗಿ ಪಳಗುತ್ತದೆ.

ಹೊರೆಯು ಎರಡನೆಯ ಗುರು. ಸಿಂಬಿಯ ಮೇಲೆ ತುಂಬಿದ ಕೊಡ ಹೊತ್ತ ತಾಯಿಯ ಕತ್ತು ಅಲುಗದು. ಪೂರ್ವ ಆಫ್ರಿಕದ ಲುವೊ, ಕಿಕುಯು ಸ್ತ್ರೀಯರು ತಮ್ಮ ದೇಹತೂಕದ ಐದನೆಯ ಒಂದು ಭಾಗದಷ್ಟು ಹೊರೆಯನ್ನು ಹೆಚ್ಚಿನ ಶಕ್ತಿವ್ಯಯವಿಲ್ಲದೆ ಹೊರುವರೆಂದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ವೃತ್ತಿಯು ಮೂರನೆಯ ಗುರು. ಕಾಲಿಗೆ ಜಂಗು ಕಟ್ಟಿದ ಜಂಗಮರ ಬರವು ಮನೆಯೊಳಗಿದ್ದವರಿಗೂ ಹೆಜ್ಜೆಯ ನಾದದಿಂದಲೇ ತಿಳಿಯುತ್ತಿತ್ತು. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ದಂಡಿನ ಪಾಳೆಯದಲ್ಲಿ ಸಿಪಾಯಿಗಳ ಹೆಜ್ಜೆಯನ್ನು ಕವಾಯತು ಒಂದೇ ಅಳತೆಗೆ ತಂದಿತ್ತು.

ಹಲವು ವರ್ಷಗಳ ಹಿಂದೆ ಎರೆಸೀಮೆಯ ಹಳ್ಳಿಯಿಂದ ಬಂದ ಬಾಲಕನೊಬ್ಬನು ಪ್ರಾರ್ಥನೆಯ ಸಾಲಿಗೆ ಬರುವಾಗ ಕಾಲನ್ನು ಎತ್ತೆತ್ತಿ ಇಡುತ್ತಿದ್ದನು. ಅದನ್ನು ಉದ್ಧಟತನವೆಂದು ಬಗೆದು ಎಲ್ಲರೆದುರು ಗದರಿಸಿದೆನು. ಅವನು ಮಾತಾಡಲಿಲ್ಲ, ಅಂದಿನಿಂದ ಸಾಲಿನ ಕೊನೆಯಲ್ಲಿ ನಿಲ್ಲತೊಡಗಿದನು. ಮುಂದೆ ಮಳೆಗಾಲದಲ್ಲಿ ಅವನ ಊರಿಗೆ ಹೋಗಬೇಕಾಗಿ ಬಂದಾಗ ನನ್ನ ಪಾದರಕ್ಷೆಗಳು ಎರೆಯಲ್ಲಿ ಹೂತುಹೋದವು. ಅವನ್ನು ಕೈಯಲ್ಲಿ ಹಿಡಿದು, ಎದುರುಗೊಳ್ಳಲು ಬಂದಿದ್ದ ಆ ಬಾಲಕನ ಹಿಂದೆ, ಅವನ ಹೆಜ್ಜೆಯಲ್ಲಿಯೇ ಹೆಜ್ಜೆಯಿಟ್ಟು ಊರು ಸೇರಿದೆನು.

ಇಂದು ನಮ್ಮವರು ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ; ಹಳೆಯ ವಿದ್ಯಾರ್ಥಿಗಳು ಸಾಗರದಾಚೆಯೂ ನೆಲೆಸಿದ್ದಾರೆ. ಹೊಸ ನೆಲದ ನಡಿಗೆಯನ್ನು ಅವರ ಕಾಲುಗಳು ಕಲಿಯುವುದರಲ್ಲಿ ಕುಂದೇನಿಲ್ಲ. ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಮಗುವಿನ ನಡೆಯನ್ನು ತಿದ್ದುವ ಮುನ್ನ ಅದು ನಡೆದು ಬಂದ ನೆಲವನ್ನು ನಾವೂ ಒಮ್ಮೆ ತುಳಿದು ನೋಡಬೇಕು.