ಬೀಗ ಹಾಕಿದವರೇ ಕಾಣದ ಫೈಲು

ಕಚೇರಿಯ ನಾಲ್ಕಾರು ಕಂಪ್ಯೂಟರ್‌ಗಳು ಒಂದೇ ಲೆಕ್ಕದ ಫೈಲನ್ನು ಬಳಸುತ್ತಿರುತ್ತವೆ. ಕರೆಂಟು ಒಂದು ಕ್ಷಣ ಹೋಗಿ ಬರುತ್ತದೆ. ಯುಪಿಎಸ್ ಇರುವುದರಿಂದ ಕಂಪ್ಯೂಟರ್‌ಗಳಿಗೆ ಏನೂ ಆಗುವುದಿಲ್ಲ. ಆದರೆ ಅವುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಎಂಬ ಪುಟ್ಟ ಪೆಟ್ಟಿಗೆ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ, ಸಂಪರ್ಕ ಕಡಿಯುತ್ತದೆ. ಎರಡು ನಿಮಿಷದ ಮೇಲೆ ಫೈಲು ತೆರೆಯಹೋದರೆ ‘ಇದು ಬೇರೊಬ್ಬರ ಬಳಕೆಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಆ ಬೇರೊಬ್ಬರು ಯಾರು? ಎಷ್ಟೋ ಸಲ ಅದೇ ಕುರ್ಚಿಯಲ್ಲಿ ಕುಳಿತಿರುವ ನೀವೇ!

ಇಬ್ಬರು ಏಕಕಾಲಕ್ಕೆ ಒಂದೇ ಕಡೆ ಬರೆದು ಲೆಕ್ಕ ಕೆಡಿಸಬಾರದೆಂದು ಬೀಗದ ಏರ್ಪಾಡು. ಕೆಲಸ ಮುಗಿಯಿತೆಂದು ಕಂಪ್ಯೂಟರ್ ತಿಳಿಸಿದಾಗ ಸರ್ವರ್ ಬೀಗ ತೆಗೆಯುತ್ತದೆ. ಸಂಪರ್ಕ ಕಡಿದರೆ ಆ ಮಾತು ತಲುಪುವುದೇ ಇಲ್ಲ. ನಮ್ಮ ಫೋನ್-ಇನ್ ಕಾರ್ಯಕ್ರಮದಲ್ಲಿ ಕರೆ ಕಡಿದರೆ ಸ್ಟುಡಿಯೋದಲ್ಲಿ ಟೋನ್ ಕೇಳಿಸುತ್ತದೆ, ಮುಂದಿನ ವೀಕ್ಷಕರತ್ತ ಹೋಗುತ್ತೇವೆ. ಸರ್ವರಿಗೆ ಅಂಥ ಟೋನ್ ಇಲ್ಲ. ಸುಮ್ಮನಿರುವವರು ಯೋಚಿಸುತ್ತಿದ್ದಾರೋ ಹೊರಟೇ ಹೋದರೋ ಅದಕ್ಕೆ ಗೊತ್ತಾಗುವುದಿಲ್ಲ. ಮೌನವಾದ ಸಂಪರ್ಕವನ್ನು ‘ಇದ್ದೀರಾ?’ ಎಂದು ವಿಚಾರಿಸುವ ಮುನ್ನ, ಬೇರೆ ಸೂಚನೆ ಇಲ್ಲದಿದ್ದರೆ, ಕನಿಷ್ಠ ಎರಡು ಗಂಟೆ ಕಾಯಬೇಕೆಂದು ಇಂಟರ್‌ನೆಟ್‌ನ 1989ರ ನಿಯಮಾವಳಿಯೊಂದು ಹೇಳುತ್ತದೆ. ಕೆಲವು ಬೀಗಗಳು ತಾವಾಗಿ ಬೇಗ ಬಿಡದಿರಲು ಇದೂ ಒಂದು ಕಾರಣ.

ಸಣ್ಣ ಕಚೇರಿಗಳಲ್ಲಿ ಹೆಚ್ಚು ಕಾಣುವ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನೇ ನೋಡೋಣ. ಮೂಲ ಫೈಲಿನ ಪಕ್ಕದಲ್ಲೇ ಅದು ಇನ್ನೊಂದು ಪುಟ್ಟ ಫೈಲು ಸೃಷ್ಟಿಸುತ್ತದೆ. ಅದರ ಹೆಸರಿನ ಬಾಲ ಹಿಂದೆ ‘ಎಲ್‌ಡಿಬಿ’ ಎಂದಿತ್ತು, 2007ರ ಆವೃತ್ತಿಯಿಂದ ‘ಎಲ್‌ಎಸಿಸಿಡಿಬಿ’. ಇದು ಒಂದು ಹಾಜರಿ ಪುಸ್ತಕ. ಒಬ್ಬೊಬ್ಬರಿಗೆ 64 ಬೈಟ್ ಜಾಗ, ಹೆಚ್ಚೆಂದರೆ 255 ಜನ. ಹೊರಗೆ ಹೋದವರ ಹೆಸರು ಕೂಡಲೇ ಅಳಿಯುವುದಿಲ್ಲವಾದ್ದರಿಂದ, ಹೆಸರು ಕಂಡಿತೆಂದು ಆ ವ್ಯಕ್ತಿ ಒಳಗಿದ್ದಾರೆಂದು ತೀರ್ಮಾನಿಸಬಾರದು. ಕೊನೆಯವರು ಮುಚ್ಚಿದಾಗ ಈ ಫೈಲು ತಾನೇ ಅಳಿಯಬೇಕು. ಫೋಲ್ಡರಿನಲ್ಲಿ ಅಳಿಸುವ ಅನುಮತಿ ಕೊಡದಿದ್ದರೆ ಏನೂ ಕೆಡದ ದಿನವೂ ಅದು ಉಳಿದುಕೊಂಡು ದಾರಿ ತಪ್ಪಿಸುತ್ತದೆ.

ಅನೇಕರು ಇಲ್ಲಿ ಸರ್ವರನ್ನೇ ಆರಿಸಿ ಹಚ್ಚುತ್ತಾರೆ. ನನ್ನ ಪ್ರಕಾರ ಇದು ಕೊನೆಯ ಉಪಾಯವಾಗಿರಬೇಕು. ಆ ಗಳಿಗೆಯಲ್ಲಿ ಬರೆಯುತ್ತಿರುವ ಇನ್ನೊಬ್ಬರ ನಮೂದು ಅರ್ಧಕ್ಕೇ ನಿಂತು ಮೂಲ ಫೈಲೇ ಕೆಡಬಹುದು. ಮೊದಲು ಎಲ್ಲರಿಂದಲೂ ಪ್ರೋಗ್ರಾಂ ಮುಚ್ಚಿಸಿ. ಆಮೇಲೆ ವಿಂಡೋಸ್ ಸರ್ವರಿನ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ನಲ್ಲಿ ‘ಷೇರ್ಡ್ ಫೋಲ್ಡರ್ಸ್’, ಅದರೊಳಗೆ ‘ಓಪನ್ ಫೈಲ್ಸ್’ ನೋಡಿ. ಯಾವ ಫೈಲು ಯಾರ ಹೆಸರಿನಲ್ಲಿ ತೆರೆದಿದೆ ಎಂಬುದು ಅಲ್ಲಿರುತ್ತದೆ. ಆ ವ್ಯಕ್ತಿಯ ಮೇಜಿನ ಬಳಿಗೇ ಹೋಗಿ ತೆರೆ ನೋಡಿ ಬನ್ನಿ. ಊಟಕ್ಕೆ ಎದ್ದು ಹೋಗಿರಲೂಬಹುದು. ಯಾರೂ ಇಲ್ಲವೆಂದು ಖಚಿತವಾದ ಮೇಲೆ ಆ ಒಂದು ಸಂಪರ್ಕವನ್ನಷ್ಟೇ ಮುಚ್ಚಿ. ಉಳಿದ ಲಾಕ್ ಫೈಲನ್ನು ಈಗ ಅಳಿಸಬಹುದು. ಅಳಿಸಲು ವಿಂಡೋಸ್ ಒಪ್ಪದಿದ್ದರೆ ಅದನ್ನು ಇನ್ನೂ ಯಾರೋ ಹಿಡಿದಿದ್ದಾರೆಂದು ತಿಳಿಯಿರಿ.

ಮೂಲ ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟ ನಂತರವೇ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ನಡೆಸಿ. ಇದು ಫೈಲಿನ ರಚನೆಯನ್ನು ಸರಿಪಡಿಸೀತು, ಡಿಸ್ಕಿಗೆ ತಲುಪದ ನಮೂದನ್ನು ತಂದುಕೊಡಲಾರದು. ಹಣ ಕೊಟ್ಟ ಸದಸ್ಯರ ಕೈಯಲ್ಲಿ ರಸೀದಿ ಇದ್ದು ಲೆಕ್ಕದಲ್ಲಿ ಇಲ್ಲದಿದ್ದರೆ ಜಗಳ ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ಕರೆಂಟು ಹೋದ ಹೊತ್ತಿನ ಹಿಂದುಮುಂದಿನ ರಸೀದಿಗಳನ್ನು ಒಂದೊಂದಾಗಿ ತಾಳೆ ನೋಡಬೇಕು.

ಸ್ವಿಚ್ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಸೇರಿಸಿ. ಅದು ಎಳೆಯುವ ವಿದ್ಯುತ್ತು ತೀರಾ ಅಲ್ಪ. ಆಕ್ಸೆಸ್ ಫೈಲನ್ನು ವೈ-ಫೈ ಮೂಲಕ ಹಂಚಿಕೊಳ್ಳುವ ರೂಢಿಯನ್ನಂತೂ ಬಿಡುವುದೇ ಒಳ್ಳೆಯದು.