ಒಂದು ಡಯಾಲಿಸಿಸ್ ತಪ್ಪಿದರೆ ಏನಾಗುತ್ತೆ?

"ಈ ಸಲ ಬೇಡ, ಮುಂದಿನ ವಾರ ಹೋದರಾಯ್ತು."
ಮನೇಲಿ ಯಾರಾದ್ರೂ ಹೀಗಂದ್ರಾ?

ಬಚ್ಚಲ ತೂಬು ಕಟ್ಟಿಕೊಂಡಿದೆ.
ಮೇಲಿನ ನಲ್ಲಿ ಮಾತ್ರ ನಿಂತಿಲ್ಲ.
ಡಯಾಲಿಸಿಸ್ ತಪ್ಪಿದ ಮೈ ಹಾಗೇ.

ವಾರಕ್ಕೆ 3 ಸಲ, ಸುಮಾರು 4 ಗಂಟೆ,
ಕಿಡ್ನಿ ಬದಲು ಮೆಷಿನ್ ನೀರು ಎತ್ತಿ ಹಾಕ್ತಿತ್ತು.
ಈಗ ಕುಡಿದ ಕಾಫಿ, ಉಂಡ ಸಾರು, ಎಲ್ಲ ಒಳಗೇ.
ಮೊದಲು ಪಾದ ಊದುತ್ತೆ.
ಆಮೇಲೆ ನೀರು ಶ್ವಾಸಕೋಶಕ್ಕೆ.
ಮಲಗೋಕಾಗಲ್ಲ,
ಎದ್ದು ಕೂತರೇನೇ ಉಸಿರು.

ಇದು ಕಣ್ಣಿಗೆ ಕಾಣೋ ಅಪಾಯ.
ಕಾಣದ್ದು ಪೊಟ್ಯಾಸಿಯಂ.
ಡಯಾಲಿಸಿಸ್ ತಪ್ಪಿ ರಕ್ತದಲ್ಲಿ ಅದು ಏರಿದರೆ
ಹೃದಯ ತಾಳ ತಪ್ಪಬಹುದು,
ನಿಂತೂ ಹೋಗಬಹುದು.
ಕೆಲವರಿಗೆ ಮುನ್ಸೂಚನೆಯೇ ಇರಲ್ಲ.
ಸುಸ್ತು ಅಂತ ಎಳನೀರು ಕೊಡ್ತೀವಲ್ಲ?
ಪ್ರೀತಿಯಿಂದಲೇ ಕೊಡ್ತೀವಿ.
ಅದರಲ್ಲೂ ತುಂಬಿರೋದು ಇದೇ ಪೊಟ್ಯಾಸಿಯಂ.

ಪೂರ್ತಿ ನಿಲ್ಲಿಸಿದರೆ?
ವಾಕರಿಕೆ, ತುರಿಕೆ, ಮಂಪರು.
ಕಿಡ್ನಿ ಸ್ವಲ್ಪವೂ ಕೆಲಸ ಮಾಡದವರಿಗೆ
ಸಾಮಾನ್ಯವಾಗಿ ಉಳಿಯೋದು ಒಂದೆರಡು ವಾರ.
ತೀರಾ ಬಳಲಿದ ಹಿರಿಯರು ತಿಳಿದೇ ನಿಲ್ಲಿಸೋದೂ ಉಂಟು.
ಅದು ವೈದ್ಯರ ಜೊತೆ ಕೂತು ಆಡೋ ಮಾತು,
ನೋವು ತಣಿಸೋ ಆರೈಕೆ ಇಟ್ಟುಕೊಂಡು.

ಬಸ್ ತಪ್ಪಿತಾ?
ಡಯಾಲಿಸಿಸ್ ಕೇಂದ್ರಕ್ಕೆ ಈಗಲೇ ಫೋನ್ ಮಾಡಿ,
ನಾಳೆಗಾದ್ರೂ ಜಾಗ ಕೇಳಿ.
ಉಸಿರು ಕಟ್ಟಿದರೆ, ಎದೆ ಡವಗುಟ್ಟಿದರೆ
ನಾಳೆವರೆಗೂ ಕಾಯಬೇಡಿ.
108.